ಪಿಟೀಲು ಪಾಠದಲ್ಲಿ ಬಲಗೈಗೆ ಸಿಗದ ಗಮನ

ಪಿಟೀಲು ಕಲಿಯುವ ಮಗುವಿನ ಕಮಾನು ಕಿರ್ರೆಂದರೆ ನಮ್ಮ ಮನೆಗಳಲ್ಲಿ ಸಿಗುವ ಮೊದಲ ಔಷಧ ರೋಸಿನ್. ಎರಡನೆಯದು ‘ಒತ್ತಬೇಡ’ ಎಂಬ ಗದರಿಕೆ. ಅದಕ್ಕೂ ಜಗ್ಗದಿದ್ದರೆ ವಾದ್ಯವೇ ಸರಿಯಿಲ್ಲ, ಬೇರೆ ಕೊಳ್ಳಿ ಎಂಬ ಸಲಹೆ. ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳು ಬೆಂಗಳೂರು, ಮೈಸೂರಿನ ಗುರುಗಳಿಂದ ಮೊಬೈಲ್ ಪರದೆಯ ಮೇಲೆ ಪಾಠ ಹೇಳಿಸಿಕೊಳ್ಳುವುದು ಈಗ ಹೊಸದಲ್ಲ. ಆ ಪಾಠಗಳನ್ನು ಪಕ್ಕದಲ್ಲಿ ಕೂತು ಕೇಳುತ್ತ ಬಂದವನಾಗಿ, ಈ ಮೂರೂ ಮದ್ದುಗಳ ಬಗ್ಗೆ ನನಗೆ ತಕರಾರಿದೆ. ಶ್ರುತಿ, ಸ್ವರಸ್ಥಾನ, ಗಮಕ ಎಂದು ಎಡಗೈಯ ಮೇಲೆ ನಮ್ಮ ಪಾಠ ಸುರಿಸುವ ಕಾಳಜಿಯಲ್ಲಿ ಕಾಲುಭಾಗವೂ ಬಲಗೈಗೆ ದಕ್ಕುತ್ತಿಲ್ಲ. ಕರ್ಕಶ ಹುಟ್ಟುವುದು ಮಾತ್ರ ಬಹುಪಾಲು ಬಲಗೈಯಲ್ಲೇ.

ಮೊದಲು ‘ಒತ್ತಬೇಡ’ ಎಂಬ ಮಾತನ್ನೇ ನೋಡೋಣ. ಅದು ಅರ್ಧ ಸತ್ಯ. ಕಮಾನಿನ ಕುದುರೆಕೂದಲು ತಂತಿಯನ್ನು ಹಿಡಿದು ಎಳೆಯುತ್ತದೆ, ತಂತಿ ಬಿಡಿಸಿಕೊಂಡು ಹಿಂದಕ್ಕೆ ಜಾರುತ್ತದೆ, ಮತ್ತೆ ಸಿಕ್ಕಿಕೊಳ್ಳುತ್ತದೆ. ಒಂದು ಕಂಪನಕ್ಕೆ ಒಂದೇ ಹಿಡಿತ, ಒಂದೇ ಜಾರು: ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲಿ ಕಂಡುಕೊಂಡ ಕ್ರಮ ಇದು. ಒತ್ತಡ ಅತಿಯಾದರೆ ತಂತಿ ಹೊತ್ತಿಗೆ ಸರಿಯಾಗಿ ಬಿಡಿಸಿಕೊಳ್ಳಲಾರದು, ಆಗ ಕರಕರ ಸದ್ದು. ಕಡಿಮೆಯಾದರೆ ಒಂದೇ ಕಂಪನದಲ್ಲಿ ಎರಡೆರಡು ಸಲ ಜಾರುತ್ತದೆ, ಆಗ ಸಿಳ್ಳೆಯಂಥ ತೆಳು ಕೀರಲು. ಇವೆರಡೂ ಬೇರೆ ಬೇರೆ ಕಾಯಿಲೆಗಳು. ಕೀರಲಿಗೆ ಹೆದರಿ ಕಮಾನನ್ನು ತಂತಿಯ ಮೇಲೆ ತೇಲಿಸುತ್ತಿರುವ ಮಗುವಿಗೆ ‘ಒತ್ತಬೇಡ’ ಎಂದರೆ ಇರುವ ರೋಗ ಹೆಚ್ಚುತ್ತದೆ. ಯಾವ ಸದ್ದು ಯಾವುದರಿಂದ ಬಂತೆಂದು ಕೇಳಿ ಗುರುತಿಸುವ ತಾಳ್ಮೆಯೇ ಇಲ್ಲಿ ಗುರುವಿನ ನಿಜವಾದ ಕೆಲಸ, ನಮ್ಮಲ್ಲಿ ಆಗದೆ ಉಳಿದಿರುವುದೂ ಅದೇ.

ಈ ವಿಚಾರದಲ್ಲಿ ನಾವು ದೂರ ಹುಡುಕಬೇಕಿಲ್ಲ. ಕಮಾನಿನಿಂದ ನುಡಿಸಿದ ತಂತಿಯ ಚಲನೆಯ ಬಗ್ಗೆ ಸಿ.ವಿ. ರಾಮನ್ 1918ರಲ್ಲಿ ಕೋಲ್ಕತ್ತದಿಂದ ದೊಡ್ಡ ಪ್ರಬಂಧವನ್ನೇ ಪ್ರಕಟಿಸಿದ್ದರು. ಆಮೇಲೆ ಪಿಟೀಲು ನುಡಿಸುವ ಯಂತ್ರವನ್ನೂ ಕಟ್ಟಿದರು. ಅದರಲ್ಲಿ ಕಮಾನು ನಿಂತಲ್ಲೇ ಇರುತ್ತಿತ್ತು, ಪಿಟೀಲು ಹಿಂದಕ್ಕೂ ಮುಂದಕ್ಕೂ ಸರಿಯುತ್ತಿತ್ತು. ಒಳ್ಳೆಯ ನಾದಕ್ಕೆ ಕನಿಷ್ಠ ಎಷ್ಟು ಒತ್ತಡ ಬೇಕು, ಕಮಾನಿನ ವೇಗ ಬದಲಾದಾಗ, ಬ್ರಿಡ್ಜಿನಿಂದ ದೂರ ಸರಿದಾಗ ಅದು ಹೇಗೆ ಬದಲಾಗುತ್ತದೆ ಎಂದು ಅವರು ಅಳೆದರು. ಮುಂದೆ ಬೆಂಗಳೂರಿನಲ್ಲಿ ಅವರ ಕೈಕೆಳಗೆ ಸಂಶೋಧನೆ ಮಾಡಿದ ವಿಕ್ರಂ ಸಾರಾಭಾಯ್ ಅಹಮದಾಬಾದಿನಲ್ಲಿ ಭೌತ ಸಂಶೋಧನಾ ಪ್ರಯೋಗಾಲಯ ಸ್ಥಾಪಿಸಿದರು. ಅದರ ಕಟ್ಟಡಕ್ಕೆ 1952ರಲ್ಲಿ ಶಂಕುಸ್ಥಾಪನೆ ಮಾಡಿದವರೂ ರಾಮನ್ನರೇ. ಈ ಊರಿನ ವಿಜ್ಞಾನದ ವಿದ್ಯಾರ್ಥಿಗಳಿಗೆ ರಾಮನ್ ಪರಿಣಾಮ ಗೊತ್ತು. ಅವರ ಪಿಟೀಲಿನ ಕೆಲಸ ಸಂಗೀತ ಕಲಿಸುವವರ ತನಕ ಬಂದಿಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ.

ರಾಮನ್ ಹಾಕಿದ ದಾರಿಯಲ್ಲಿ 1973ರಲ್ಲಿ ಅಮೆರಿಕದ ಜಾನ್ ಶೆಲೆಂಗ್ ಒಂದು ನಕ್ಷೆ ಬರೆದರು. ಬ್ರಿಡ್ಜಿಗೆ ಹತ್ತಿರ ನುಡಿಸಿದಷ್ಟೂ ಹೆಚ್ಚು ಒತ್ತಡ ಬೇಕು, ಆದರೆ ಕರ್ಕಶವಾಗದೆ ನುಡಿಸಲು ಉಳಿಯುವ ಅವಕಾಶ ಕಿರಿದಾಗುತ್ತ ಹೋಗುತ್ತದೆ. ಫಿಂಗರ್‌ಬೋರ್ಡಿನ ಕಡೆ ಸರಿದರೆ ಅವಕಾಶ ಅಗಲ, ದನಿ ಮೃದು. ಹೊಸ ಕಲಿಗರಿಗೆ ಇದರಿಂದ ನೇರ ಪ್ರಯೋಜನವಿದೆ: ಮೊದಲ ತಿಂಗಳುಗಳಲ್ಲಿ ಬ್ರಿಡ್ಜಿಗೂ ಫಿಂಗರ್‌ಬೋರ್ಡಿಗೂ ನಡುಮಧ್ಯದಲ್ಲೇ ಕಮಾನು ನಿಲ್ಲಲಿ. ನೆಲದ ಮೇಲೆ ಕೂತು ನುಡಿಸುವ ಮಕ್ಕಳಲ್ಲಿ ನಾನು ಹೆಚ್ಚಾಗಿ ಕಾಣುವ ದೋಷವೆಂದರೆ, ಕಮಾನು ತುದಿಗೆ ಬರುವಷ್ಟರಲ್ಲಿ ಮೊಣಕೈ ಹಿಂದಕ್ಕೆ ಹೋಗಿ ಕಮಾನು ಓರೆಯಾಗುವುದು. ಓರೆಯಾದ ಕಮಾನು ತಂತಿಯ ಉದ್ದಕ್ಕೂ ಜಾರುತ್ತದೆ, ಕೀರಲು ಅಲ್ಲೇ ಏಳುತ್ತದೆ. ಕನ್ನಡಿಯ ಮುಂದೆ ಕೂರಿಸಿದರೆ ಮಗುವೇ ಇದನ್ನು ಕಂಡು ತಿದ್ದಿಕೊಳ್ಳುತ್ತದೆ.

ನಮ್ಮ ಶ್ರುತಿಯ ವಿಷಯವನ್ನೂ ಇಲ್ಲಿ ಹೇಳಬೇಕು. ಅಂಗಡಿಯಲ್ಲಿ ಸಿಗುವ ತಂತಿಗಳು ಪಾಶ್ಚಾತ್ಯ ಶ್ರುತಿಯ ಬಿಗಿತಕ್ಕೆ ತಯಾರಾದವು. ನಾವು ಅವನ್ನು ಸ-ಪ-ಸ-ಪ ಎಂದು, ಸಾಮಾನ್ಯವಾಗಿ ಕೆಳಗಿನ ಶ್ರುತಿಗೆ ಇಳಿಸುತ್ತೇವೆ. ಸಡಿಲವಾದ ತಂತಿ ಕಡಿಮೆ ಒತ್ತಡಕ್ಕೇ ಕರಕರಗುಟ್ಟುತ್ತದೆ. ಯುರೋಪಿನ ಪಾಠದ ವಿಡಿಯೊ ನೋಡಿ ಅಷ್ಟೇ ಭಾರ ಹಾಕಿದರೆ ನಮ್ಮ ವಾದ್ಯ ಒಪ್ಪದಿರುವುದು ಸಹಜ. ಅದಕ್ಕೆ ಮಗುವನ್ನು ಬೈದು ಫಲವಿಲ್ಲ. ಕೆಳಗಿನ ಶ್ರುತಿಗೆ ಹೊಂದುವ ತುಸು ದಪ್ಪ ತಂತಿ ಹಾಕಿಸಿ.

ಇನ್ನು ರೋಸಿನ್. ಹೊಸ ಕಮಾನಿಗೆ ಅದಿಲ್ಲದೆ ದನಿಯೇ ಬಾರದು, ನಿಜ. ದಿನಬಳಕೆಯ ಕಮಾನಿಗೆ ನಾಲ್ಕಾರು ಎಳೆ ಸಾಕು. ತಂತಿಯ ಮೇಲೆ ಬಿಳಿ ಪುಡಿ ಕೂತಿದ್ದರೆ ರೋಸಿನ್ ಹೆಚ್ಚಾಗಿದೆ ಎಂದರ್ಥ, ಒಣಬಟ್ಟೆಯಿಂದ ಒರೆಸಬೇಕು. ಕೂದಲನ್ನು ಬೆರಳಿಂದ ಮುಟ್ಟಿದರೆ ಅಂಟಿದ ಜಿಡ್ಡು ಆ ಜಾಗದಲ್ಲಿ ಹಿಡಿತ ತಪ್ಪಿಸುತ್ತದೆ. ಗುಜರಾತಿನ ಹವೆಯ ಕಡೆಗೂ ಲಕ್ಷ್ಯವಿರಲಿ. ಸೂರತ್ತಿನ ಮಳೆಗಾಲದ ತೇವಕ್ಕೆ ಕುದುರೆಕೂದಲು ಉದ್ದವಾಗಿ ಜೋಲುತ್ತದೆ, ಕಮಾನಿನ ಕೋಲು ತಂತಿಗೆ ತಾಗಿ ಕೆರೆಯುತ್ತದೆ. ಅಹಮದಾಬಾದಿನ ಮೇ ತಿಂಗಳ ಒಣ ಬಿಸಿಲಿಗೆ ಅದೇ ಕೂದಲು ಗಿಡ್ಡವಾಗಿ ಬಿಗಿಯುತ್ತದೆ. ನುಡಿಸಿದ ಮೇಲೆ ತಿರುಪು ಸಡಿಲಿಸದೆ ಇಟ್ಟರೆ ಕೋಲು ಬಾಗಿ ಕೆಡುತ್ತದೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಪಿಟೀಲು ಬಿಟ್ಟರೆ ಅಂಟು ಬಿರಿದು ಹಲಗೆಗಳೇ ಬಾಯಿಬಿಡುತ್ತವೆ.

ನನ್ನ ಮುಖ್ಯ ಆಕ್ಷೇಪ ಪಾಠದ ಅವಸರದ ಮೇಲೆ. ನಮ್ಮ ಸರಳೆ ವರಸೆಯೊಳಗೇ ಕಮಾನಿನ ಶ್ರೇಷ್ಠ ಸಾಧನೆ ಅಡಗಿದೆ. ಒಂದನೇ ಕಾಲದಲ್ಲಿ ಒಂದು ಸ್ವರಕ್ಕೆ ಇಡೀ ಕಮಾನು, ಎರಡನೇ ಕಾಲದಲ್ಲಿ ಎರಡು ಸ್ವರ, ಮೂರನೆಯದರಲ್ಲಿ ನಾಲ್ಕು. ಬುಡದಿಂದ ತುದಿಯವರೆಗೆ ವೇಗ ಕೆಡದಂತೆ ಎಳೆಯುವುದನ್ನು ಕಲಿಸಲು ಇದಕ್ಕಿಂತ ಚೆನ್ನಾದ ಕ್ರಮ ನಾನು ಕಂಡಿಲ್ಲ. 1756ರಲ್ಲಿ ಪ್ರಕಟವಾದ ಲಿಯೋಪೋಲ್ಡ್ ಮೊಜಾರ್ಟ್‌ನ ಪಿಟೀಲು ಪಠ್ಯವೂ ಪ್ರತಿ ಸ್ವರದ ಮೊದಲ ಕ್ಷಣದ ಮೃದುತ್ವವನ್ನು ಒತ್ತಿ ಹೇಳುತ್ತದೆ. ಆದರೆ ನಮ್ಮಲ್ಲಿ ಒಂದನೇ ಕಾಲವನ್ನು ಬೇಗ ಮುಗಿಸಬೇಕಾದ ಶಾಸ್ತ್ರದಂತೆ ನುಡಿಸಿ ಮೂರನೇ ಕಾಲಕ್ಕೆ ಓಡುತ್ತಾರೆ. ಜಂಟಿ, ಅಲಂಕಾರ, ಗೀತೆ, ಜೂನಿಯರ್ ಪರೀಕ್ಷೆ. ಕೃತಿಗಳ ಪಟ್ಟಿ ಉದ್ದವಾಗುತ್ತದೆ, ನಾದ ಅಲ್ಲೇ ಉಳಿಯುತ್ತದೆ. ಮೈಕಿಲ್ಲದ ಸಭೆಗಳನ್ನು ಕಂಡ ತಿರುಮಕೂಡಲಿನ ಚೌಡಯ್ಯನವರು ನಾದ ದೂರ ಮುಟ್ಟಬೇಕೆಂದು ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲು ನುಡಿಸಿದರು. ಒಟ್ಟಿಗೇ ಎರಡು ತಂತಿಗಳನ್ನು ಶುದ್ಧವಾಗಿ ನುಡಿಸಬೇಕಾದರೆ ಬಲಗೈ ಎಷ್ಟು ಪಳಗಿರಬೇಕು ಯೋಚಿಸಿ. ಭರೂಚ್‌ನಲ್ಲಿ ಬೆಳೆದ ಗಾಯಕ ಓಂಕಾರನಾಥ ಠಾಕೂರರ ಬಳಿ ಕಲಿತ ಎನ್. ರಾಜಂ ಅವರ ಗಾಯಕಿ ಶೈಲಿ ಕೇಳಿ: ಕೊರಳಿನ ಉಸಿರು ಕಮಾನಿಗೆ ಇಳಿದಂತಿರುತ್ತದೆ.

ಆನ್‌ಲೈನ್ ಪಾಠದಲ್ಲಿ ಇನ್ನೊಂದು ತೊಡಕು ಸೇರಿದೆ. ವಿಡಿಯೊ ಕರೆಯ ತಂತ್ರಾಂಶ ಮಾತನ್ನು ಉಳಿಸಿ ಉಳಿದ ಸದ್ದನ್ನು ಅಳಿಸುವಂತೆ ರೂಪುಗೊಂಡದ್ದು. ದೀರ್ಘ ಸ್ವರವನ್ನು ಅದು ಗದ್ದಲವೆಂದು ತಿಳಿದು ನುಂಗಿಬಿಡುತ್ತದೆ, ಕರ್ಕಶವನ್ನೂ ಕತ್ತರಿಸುತ್ತದೆ. ಗುರುವಿಗೆ ಶ್ರುತಿ ಕೇಳುತ್ತದೆ, ಕಮಾನು ಕೇಳುವುದಿಲ್ಲ. ಸದ್ದು ಅಳಿಸುವ ಆ ಸೌಲಭ್ಯವನ್ನು ಸೆಟ್ಟಿಂಗಿನಲ್ಲಿ ಬಂದ್ ಮಾಡಬೇಕು. ಫೋನನ್ನು ಮಗುವಿನ ಮುಖಕ್ಕೆ ಹಿಡಿಯದೆ ಕಮಾನು, ಬ್ರಿಡ್ಜ್ ಎರಡೂ ಕಾಣುವಂತೆ ನಿಲ್ಲಿಸಬೇಕು. ಪಾಠದ ಹೊರಗೆ ಧ್ವನಿಮುದ್ರಿಸಿ ಕಳಿಸುವುದು ಇನ್ನೂ ಮೇಲು.

ಸ್ವಲ್ಪ ಕೀರಲು ಇದ್ದೇ ಇರುತ್ತದೆ, ಅದಕ್ಕೆ ಗಾಬರಿ ಬೇಡ. ನಾರ್ವೆಯ ಗುಟ್ಲರ್ ಮತ್ತು ಸ್ವೀಡನ್ನಿನ ಆಸ್ಕೆನ್‌ಫೆಲ್ಟ್ 1997ರಲ್ಲಿ ತೋರಿಸಿದಂತೆ, ಸ್ವರದ ಆರಂಭದಲ್ಲಿ ತಂತಿ ಜಾರಾಡುವ ಗೊಂದಲ 90 ಮಿಲಿಸೆಕೆಂಡಿನೊಳಗೆ ಮುಗಿದರೆ ಕೇಳುಗರು ಅದನ್ನು ದೋಷವೆಂದು ಎಣಿಸುವುದಿಲ್ಲ. ಅದು ಸ್ವರದ ಉದ್ದಕ್ಕೂ ಉಳಿದರೆ ಮಾತ್ರ ಚಿಕಿತ್ಸೆ ಬೇಕು.

ತಂದೆತಾಯಂದಿರಲ್ಲಿ ನನ್ನದೊಂದು ವಿನಂತಿ. ಮೊದಲ ವರ್ಷ ‘ಎಷ್ಟು ಗೀತೆ ಬಂತು’ ಎಂದು ಗುರುಗಳನ್ನು ಕೇಳಬೇಡಿ. ಬರಿಯ ಮಧ್ಯಷಡ್ಜದ ತಂತಿಯ ಮೇಲೆ, ಬುಡದಿಂದ ತುದಿಗೆ, ತುದಿಯಿಂದ ಬುಡಕ್ಕೆ ಒಂದು ಇಡೀ ಕಮಾನನ್ನು ಮಗುವಿನಿಂದ ನುಡಿಸಿ ಕೇಳಿ. ಅದು ಶುದ್ಧವಾಗುವವರೆಗೆ ಮುಂದಿನ ಪಾಠ ಕೊಡಬೇಡಿರೆಂದು ಗುರುಗಳಿಗೆ ನೀವೇ ಹೇಳಿ.