ಎದುರು ದನಿಗೆ ಕಾನೂನಿನ ಬೆಂಬಲ ಬೇಕೆ?

ಅಮೆರಿಕದ ಫೆಡರಲ್ ಸಂಪರ್ಕ ಆಯೋಗ 1949ರಲ್ಲಿ ರೇಡಿಯೊ, ಟೀವಿ ಕೇಂದ್ರಗಳ ಮೇಲೆ ಎರಡು ಹೊಣೆ ಹೊರಿಸಿತು. ಜನಜೀವನಕ್ಕೆ ಮುಖ್ಯವಾದ ವಿವಾದಗಳ ಬಗ್ಗೆ ಕಾರ್ಯಕ್ರಮ ಮಾಡಲೇಬೇಕು ಎಂಬುದು ಮೊದಲನೆಯದು. ಹಾಗೆ ಮಾಡುವಾಗ ಎದುರು ಅಭಿಪ್ರಾಯಕ್ಕೂ ಜಾಗವಿರಬೇಕು ಎಂಬುದು ಎರಡನೆಯದು. ‘ಫೇರ್‌ನೆಸ್ ಡಾಕ್ಟ್ರಿನ್’ ಎಂದು ಹೆಸರಾದ ಈ ನಿಯಮ 1987ರ ಆಗಸ್ಟ್‌ನಲ್ಲಿ ರದ್ದಾಯಿತು. ಅದನ್ನು ಉಳಿಸಲು ಅಲ್ಲಿನ ಸಂಸತ್ತು ಒಪ್ಪಿದ್ದ ಮಸೂದೆಯನ್ನು ಅಧ್ಯಕ್ಷ ರೇಗನ್ ಎರಡು ತಿಂಗಳ ಮುಂಚೆ ತಿರಸ್ಕರಿಸಿದ್ದರು. ಮರುವರ್ಷ ರಶ್ ಲಿಂಬಾ ಅವರ ಬಲಪಂಥೀಯ ರೇಡಿಯೊ ಕಾರ್ಯಕ್ರಮ ದೇಶದಾದ್ಯಂತ ಬಿತ್ತರಗೊಳ್ಳತೊಡಗಿತು. ಇಂದಿನ ಅಮೆರಿಕದ ರಾಜಕೀಯ ಒಡಕಿಗೆ ಈ ರದ್ದತಿಯೇ ಮೂಲ ಎಂದು ಒಂದು ಬಣ ದೂರುತ್ತದೆ. ಮಾತಿಗೆ ಸರ್ಕಾರ ಬಿಗಿದಿದ್ದ ಲಗಾಮು ಕಳಚಿದ್ದೇ ಒಳ್ಳೆಯದಾಯಿತು ಎಂದು ಇನ್ನೊಂದು ಬಣ ಹೇಳುತ್ತದೆ. ನಿಯಮ ಜಾರಿಯಲ್ಲಿದ್ದ 38 ವರ್ಷಗಳ ದಾಖಲೆಯನ್ನು ನೋಡಿದರೆ ಎರಡೂ ಅವಸರದ ತೀರ್ಪುಗಳು. ನಿಯಮದ ತತ್ವ ಗಟ್ಟಿಯಾಗಿತ್ತು; ಅದನ್ನು ಜಾರಿಗೆ ತಂದ ಬಗೆ ಕೆಟ್ಟದಾಗಿತ್ತು.

ತತ್ವಕ್ಕೆ ಸ್ಪಷ್ಟ ರೂಪ ಸಿಕ್ಕಿದ್ದು ರೆಡ್ ಲಯನ್ ಮೊಕದ್ದಮೆಯಲ್ಲಿ. ರಿಪಬ್ಲಿಕನ್ ಪಕ್ಷದ ನಾಯಕ ಬ್ಯಾರಿ ಗೋಲ್ಡ್‌ವಾಟರ್ ಅವರನ್ನು ಟೀಕಿಸಿ ಪುಸ್ತಕ ಬರೆದಿದ್ದ ಪತ್ರಕರ್ತ ಫ್ರೆಡ್ ಕುಕ್ ಮೇಲೆ ಪಾದ್ರಿ ಬಿಲ್ಲಿ ಜೇಮ್ಸ್ ಹಾರ್ಗಿಸ್ 1964ರಲ್ಲಿ ಪೆನ್ಸಿಲ್ವೇನಿಯಾದ ಒಂದು ರೇಡಿಯೊ ಕೇಂದ್ರದಿಂದ ವಾಗ್ದಾಳಿ ನಡೆಸಿದರು. ಉತ್ತರ ಕೊಡಲು ಕುಕ್ ಉಚಿತ ಸಮಯ ಕೇಳಿದರು, ಕೇಂದ್ರ ಒಪ್ಪಲಿಲ್ಲ. 1969ರಲ್ಲಿ ಸುಪ್ರೀಂ ಕೋರ್ಟ್ ಅವಿರೋಧವಾಗಿ ನಿಯಮವನ್ನು ಎತ್ತಿಹಿಡಿಯಿತು. ತರಂಗಾಂತರಗಳು ಮಿತವಾಗಿವೆ, ಕೆಲವರಿಗಷ್ಟೇ ಪರವಾನಗಿ ಸಿಗುತ್ತದೆ; ಆದ್ದರಿಂದ ಪ್ರಸಾರಕರ ಹಕ್ಕಿಗಿಂತ ಕೇಳುಗರ, ನೋಡುಗರ ಹಕ್ಕು ದೊಡ್ಡದು ಎಂಬುದು ತೀರ್ಪಿನ ಸಾರ. ಎಲ್ಲರ ಸ್ವತ್ತನ್ನು ಬಳಸುವವರು ಎಲ್ಲರಿಗೂ ಉತ್ತರದಾಯಿ ಎಂಬ ಈ ಮಾತನ್ನು ಅಲ್ಲಗಳೆಯುವುದು ಕಷ್ಟ.

ಈ ತತ್ವ ಯಾಕೆ ಬೇಕಿತ್ತು ಎಂಬುದನ್ನು ಮಿಸಿಸಿಪಿಯ ಜಾಕ್ಸನ್ ನಗರದ ಡಬ್ಲ್ಯುಎಲ್‌ಬಿಟಿ ಟೀವಿ ಕೇಂದ್ರ ತೋರಿಸಿಕೊಟ್ಟಿತು. ಅದರ ವೀಕ್ಷಕರಲ್ಲಿ ಕಪ್ಪುಜನರ ಸಂಖ್ಯೆ ದೊಡ್ಡದಿತ್ತು, ತೆರೆಯ ಮೇಲೆ ಮಾತ್ರ ಅವರ ಪಾಲಿಗೆ ವರ್ಣಭೇದದ ಸಮರ್ಥನೆಯಷ್ಟೇ ಉಳಿದಿತ್ತು. ನಾಗರಿಕ ಹಕ್ಕುಗಳ ವಕೀಲ ಥರ್ಗುಡ್ ಮಾರ್ಷಲ್ 1955ರಲ್ಲಿ ರಾಷ್ಟ್ರೀಯ ಜಾಲದ ಕಾರ್ಯಕ್ರಮವೊಂದರಲ್ಲಿ ಕಾಣಿಸಿಕೊಂಡಾಗ, ಕೇಬಲ್ ಕೆಟ್ಟಿದೆ ಎಂಬ ಫಲಕ ಹಾಕಿ ಪ್ರಸಾರವನ್ನು ಕಡಿಯಲಾಯಿತು. ನಗರದ ಮೇಯರ್ ಭಾಷಣಕ್ಕೆ ಉತ್ತರಿಸಲು ನಾಗರಿಕ ಹಕ್ಕುಗಳ ಹೋರಾಟಗಾರ ಮೆಡ್ಗರ್ ಎವರ್ಸ್ ಅವರಿಗೆ ಅದೇ ಕೇಂದ್ರದಲ್ಲಿ ಅವಕಾಶ ದೊರೆತದ್ದು 1963ರ ಮೇ ತಿಂಗಳಲ್ಲಿ. ಮುಂದಿನ ತಿಂಗಳೇ ಅವರ ಹತ್ಯೆಯಾಯಿತು. ಇಷ್ಟಾದರೂ ಆಯೋಗ ಕೇಂದ್ರದ ಪರವಾನಗಿಯನ್ನು ಒಂದು ವರ್ಷಕ್ಕೆ ನವೀಕರಿಸಿತು. ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್ ಸಂಸ್ಥೆ ನ್ಯಾಯಾಲಯಕ್ಕೆ ಹೋಯಿತು. ಪರವಾನಗಿ ನವೀಕರಣವನ್ನು ಪ್ರಶ್ನಿಸುವ ಹಕ್ಕು ಸಾಮಾನ್ಯ ವೀಕ್ಷಕರಿಗೂ ಇದೆ ಎಂದು ಮೇಲ್ಮನವಿ ನ್ಯಾಯಾಲಯ 1966ರಲ್ಲಿ ಹೇಳಿತು. 1969ರಲ್ಲಿ ಪರವಾನಗಿಯನ್ನೇ ತೆಗೆದುಹಾಕಿತು. ಇಲ್ಲಿ ಗೆದ್ದದ್ದು ಆಯೋಗದ ಕಾಳಜಿಯಲ್ಲ. ವರ್ಷಗಟ್ಟಲೆ ನಡೆದ ಅನ್ಯಾಯದ ಒಟ್ಟು ಲೆಕ್ಕವನ್ನು ಜನರೇ ಮುಂದಿಟ್ಟು ಕೇಳಿದ್ದರಿಂದ ನ್ಯಾಯ ಸಿಕ್ಕಿತು.

ದಿನನಿತ್ಯದ ಜಾರಿಯ ಕಥೆ ಬೇರೆ. ಒಂದೊಂದು ಕಾರ್ಯಕ್ರಮದ ಮೇಲೂ ದೂರು ಕೊಡುವ ವ್ಯವಸ್ಥೆ ಬಲಶಾಲಿಗಳ ಕೈಯ ಆಯುಧವಾಯಿತು. ಬಲಪಂಥೀಯ ಕೇಂದ್ರಗಳನ್ನು ದೂರುಗಳಿಂದ ಕಾಡಿ, ಅಂಥ ಪ್ರಸಾರ ದುಬಾರಿಯೆನಿಸುವಂತೆ ಮಾಡುವುದೇ ತಮ್ಮ ತಂತ್ರವಾಗಿತ್ತು ಎಂದು ಕೆನಡಿ ಆಡಳಿತದಲ್ಲಿ ಅಧಿಕಾರಿಯಾಗಿದ್ದ ಬಿಲ್ ರೂಡರ್ ಮುಂದೆ ಒಪ್ಪಿಕೊಂಡರು. ಕುಕ್ ಅವರ ಬೆನ್ನಿಗೂ ಡೆಮಾಕ್ರಟಿಕ್ ಪಕ್ಷವಿದ್ದದ್ದನ್ನು ಸಿಬಿಎಸ್ ನ್ಯೂಸ್‌ನ ಮಾಜಿ ಮುಖ್ಯಸ್ಥ ಫ್ರೆಡ್ ಫ್ರೆಂಡ್ಲಿ ಬಯಲಿಗೆ ತಂದರು. ಆದರೆ ವಿವಾದವನ್ನು ಚರ್ಚಿಸಲೇಬೇಕು ಎಂಬ ಮೊದಲ ಹೊಣೆಯನ್ನು ಆಯೋಗ ಕೈಗೆತ್ತಿಕೊಂಡದ್ದು ತೀರ ಅಪರೂಪ. ಗಣಿನಾಡು ಪಶ್ಚಿಮ ವರ್ಜೀನಿಯಾದ ರೇಡಿಯೊ ಕೇಂದ್ರವೊಂದು ತೆರೆದ ಗಣಿಗಾರಿಕೆಯ ಚರ್ಚೆಯನ್ನು ಕಡೆಗಣಿಸಿದ್ದಕ್ಕೆ, ಸಂಸದೆ ಪ್ಯಾಟ್ಸಿ ಮಿಂಕ್ ಅವರ ದೂರಿನ ಮೇಲೆ 1976ರಲ್ಲಿ ಕ್ರಮ ಕೈಗೊಂಡದ್ದು ಅಂಥದೊಂದು ಪ್ರಸಂಗ. ಮಾತಾಡಿದವರಿಗೆ ದೂರಿನ ಭಯ, ಮೌನವಾಗಿದ್ದವರಿಗೆ ರಕ್ಷಣೆ ಎಂದಾದಾಗ, ವಿವಾದದ ತಂಟೆಗೇ ಹೋಗದಿರುವುದು ಕೇಂದ್ರಗಳಿಗೆ ಲಾಭದ ದಾರಿಯಾಗುತ್ತದೆ. ನಿಯಮ ಸೋತದ್ದು ಇಲ್ಲಿ.

ಈಗ ವಾಹಿನಿಗಳು ನೂರಾರು, ಅಂತರ್ಜಾಲವೂ ಇದೆ. ತರಂಗಾಂತರದ ಅಭಾವದ ವಾದ ಇನ್ನೇಕೆ ಎಂಬ ಆಕ್ಷೇಪ ಬಲವಾದದ್ದೇ. ಫಾಕ್ಸ್ ನ್ಯೂಸ್ 1996ರಲ್ಲಿ ಆರಂಭವಾದದ್ದು ಕೇಬಲ್ ವಾಹಿನಿಯಾಗಿ. ವಾಯುತರಂಗದ ಪರವಾನಗಿಗೆ ಅಂಟಿಕೊಂಡ ನಿಯಮ ಉಳಿದಿದ್ದರೂ ಅದನ್ನು ತಡೆಯುತ್ತಿರಲಿಲ್ಲ. ಆದರೆ ವಾಹಿನಿಗಳ ಸಂಖ್ಯೆ ಹೆಚ್ಚಿದರೆ ದನಿಗಳ ಸಂಖ್ಯೆಯೂ ಹೆಚ್ಚಬೇಕೆಂದಿಲ್ಲ. ಒಂದೇ ಒಡೆತನದಲ್ಲಿ ಹತ್ತು ವಾಹಿನಿಗಳಿದ್ದರೆ ನೋಡುಗನಿಗೆ ಸಿಗುವುದು ಹತ್ತು ಅಭಿಪ್ರಾಯಗಳಲ್ಲ. ಎರಡನೆಯ ಆಕ್ಷೇಪ ಸುಳ್ಳು ಸಮತೋಲನದ್ದು. ವಿಜ್ಞಾನಿ ಸ್ಟೀವ್ ಜೋನ್ಸ್ 2011ರ ವರದಿಯಲ್ಲಿ ಬಿಬಿಸಿ ವಿಜ್ಞಾನದ ವಿಷಯದಲ್ಲಿ ಅಂಚಿನ ಅಭಿಪ್ರಾಯಗಳಿಗೆ ಅತಿಯಾದ ತೂಕ ಕೊಡುತ್ತಿದೆ ಎಂದು ಎಚ್ಚರಿಸಿದ್ದರು. ಈ ಎಚ್ಚರಿಕೆ ನಿಜ. ಆದರೆ ಅದು ಕುರುಡು ಲೆಕ್ಕಾಚಾರದ ವಿರುದ್ಧ. ಹವಾಮಾನ ಬದಲಾಗುತ್ತಿದೆಯೇ ಎಂಬುದು ಪುರಾವೆ ತೀರ್ಮಾನಿಸುವ ಪ್ರಶ್ನೆ, ಅದಕ್ಕೆ ಯಾರು ಬೆಲೆ ತೆರಬೇಕು ಎಂಬುದು ರಾಜಕೀಯದ ಪ್ರಶ್ನೆ. ಎದುರು ದನಿಯ ಹಕ್ಕು ಎರಡನೆಯದಕ್ಕೆ ಸೇರಿದ್ದು.

ಭಾರತದಲ್ಲೂ ತತ್ವಕ್ಕೆ ಆಧಾರವಿದೆ. ಎಲ್‌ಐಸಿ ನೀತಿಯನ್ನು ಟೀಕಿಸಿದ್ದ ಮನುಭಾಯ್ ಶಾ ಅವರ ಪ್ರತ್ಯುತ್ತರವನ್ನು ನಿಗಮದ ಪತ್ರಿಕೆ ಅಚ್ಚುಮಾಡಬೇಕೆಂಬ ಆದೇಶವನ್ನು ಸುಪ್ರೀಂ ಕೋರ್ಟ್ 1992ರಲ್ಲಿ ಎತ್ತಿಹಿಡಿಯಿತು. ವಾಯುತರಂಗ ಸಾರ್ವಜನಿಕ ಸ್ವತ್ತು ಎಂದು 1995ರಲ್ಲಿ ಸಾರಿತು. ಅಪಾಯದ ಪಾಠವೂ ನಮ್ಮಲ್ಲೇ ಇದೆ. ಕೇರಳದ ಮೀಡಿಯಾಒನ್ ವಾಹಿನಿಯ ಅನುಮತಿ ನವೀಕರಣವನ್ನು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2022ರಲ್ಲಿ ನಿರಾಕರಿಸಿತು. ಮರುವರ್ಷ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ನ್ಯಾಯಪರತೆಯನ್ನು ಅಳೆಯುವ ಅಧಿಕಾರವನ್ನು ಇಂಥ ಸಚಿವಾಲಯಕ್ಕೆ ಒಪ್ಪಿಸಿದರೆ ಮೊದಲು ಅಡಗುವುದು ಎದುರು ದನಿಯೇ. ತೆರೆಯ ಮೇಲೆ ಎಂಟು ಮುಖಗಳನ್ನು ಕೂರಿಸಿ ಒಬ್ಬರ ಮಾತೂ ಕೇಳದಂತೆ ಕೂಗಿಸುವ ನಮ್ಮ ಪ್ರೈಮ್ ಟೈಮ್ ಚರ್ಚೆಗಳೂ ನ್ಯಾಯಪರತೆಯಲ್ಲ.

ಎದುರು ಅಭಿಪ್ರಾಯಕ್ಕೆ ಜಾಗ ಕೊಡುವ ಹೊಣೆ ಪ್ರಸಾರಕರಿಗೆ ಕಾನೂನಿನಿಂದಲೇ ಬರಬೇಕು. ಅದನ್ನು ದಿನದ ಕಾರ್ಯಕ್ರಮದ ಮೇಲೆ ಹೇರಬಾರದು. ಪರವಾನಗಿ ನವೀಕರಣದ ಹೊತ್ತಿಗೆ ವರ್ಷಗಳ ಒಟ್ಟು ದಾಖಲೆಯನ್ನು ಮುಂದಿಟ್ಟು ಪರಿಶೀಲಿಸಬೇಕು. ಯಾವುದನ್ನು ತೋರಿಸಿದಿರಿ ಎಂಬಷ್ಟೇ ಗಟ್ಟಿಯಾಗಿ ಯಾವುದನ್ನು ಮುಚ್ಚಿಟ್ಟಿರಿ ಎಂದೂ ಕೇಳಬೇಕು. ವಿಚಾರಣೆ ಬಹಿರಂಗವಾಗಿ, ಸರ್ಕಾರದ ಹಿಡಿತಕ್ಕೆ ಸಿಗದ ಸಂಸ್ಥೆಯ ಎದುರು ನಡೆಯಬೇಕು, ಅಲ್ಲಿ ವೀಕ್ಷಕರಿಗೆ ಕಕ್ಷಿದಾರರ ಸ್ಥಾನ ಸಿಗಬೇಕು. ಜಾಕ್ಸನ್ ನಗರದ ಜನ ಹೋರಾಡಿ ಪಡೆದದ್ದು ಈ ಸ್ಥಾನವನ್ನೇ. ಕನ್ನಡದ ವೀಕ್ಷಕರೂ ಅದನ್ನು ಹಕ್ಕಾಗಿ ಕೇಳಬೇಕು.