ಮಂಗನ ಕಾಯಿಲೆಯ ಗಣಕಪ್ರಯೋಗಗಳು: ಯೋಜನಾಕ್ರಮದ ವಿಮರ್ಶೆ

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳಿಗೆ ಇಂದಿಗೂ ಬೇಸಗೆಯ ಭೀತಿಯಾಗಿದೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಪ್ರಾಂತದಲ್ಲಿ ಅದು ಹಲವರನ್ನು ಬಲಿತೆಗೆದುಕೊಂಡಿತು. ರೋಗದ ಹರಡುವಿಕೆಯನ್ನು ಜನರ ಮೇಲೆ ಪ್ರಯೋಗಿಸಿ ನೋಡುವುದು ಸಲ್ಲದು. ಆದುದರಿಂದ ಉಣುಗು, ಮಂಗ, ದನ, ಕಾಡು, ಮನುಷ್ಯ ಇವುಗಳ ಸಂಬಂಧವನ್ನು ಗಣಕಯಂತ್ರದಲ್ಲಿ ಅನುಕರಿಸಿ ಪರೀಕ್ಷಿಸುವ ಮಾರ್ಗವು ಉಪಯುಕ್ತವೆಂಬುದು ನಿರ್ವಿವಾದ. ಯಂತ್ರಕ್ಕೆ ಯಾವ ಪ್ರಶ್ನೆಗಳನ್ನು, ಎಷ್ಟು ಸಾರಿ ಕೇಳಬೇಕೆಂಬುದೇ ಇಲ್ಲಿ ವಿಚಾರಣೀಯವಾದ ಅಂಶ.

ಈ ಐದು ಅಂಶಗಳಿಗೆ ಹತ್ತು ಹತ್ತು ಹಂತಗಳನ್ನು ಕಲ್ಪಿಸಿದರೆ ಒಟ್ಟು ಸಂಯೋಗಗಳು 1,00,000. ಒಂದೊಂದಕ್ಕೆ ಒಂದೇ ನಿಮಿಷ ಹಿಡಿದರೂ 69 ದಿನಗಳು ಕಳೆಯುತ್ತವೆ. ಉಳಿದವುಗಳನ್ನು ಸ್ಥಿರವಾಗಿಟ್ಟು ಒಂದೊಂದನ್ನೇ ಬದಲಿಸಿದರೆ 46 ಸಾರಿಗಳಲ್ಲಿ ಕೆಲಸ ಮುಗಿಯುವುದು ದಿಟ. ಆದರೆ ದನವೂ ಕಾಡೂ ಕೂಡಿದಲ್ಲಿ ಮಾತ್ರ ತಲೆದೋರುವ ಅಪಾಯವು ಆ ಕ್ರಮದ ಕಣ್ಣಿಗೆ ಬೀಳದು.

ಮೆಕೇ, ಬೆಕ್‌ಮನ್, ಕಾನೋವರ್ ಎಂಬವರು 1979ರಲ್ಲಿ ನಿರೂಪಿಸಿದ ಲ್ಯಾಟಿನ್ ಹೈಪರ್‌ಕ್ಯೂಬ್ ಕ್ರಮವು ಈ ಇಕ್ಕಟ್ಟಿಗೆ ಪರಿಹಾರವಾಗಿ ಬಂದಿತು. ಐವತ್ತು ಪ್ರಯೋಗಗಳಿದ್ದಲ್ಲಿ ಪ್ರತಿಯೊಂದು ಅಂಶದ ವ್ಯಾಪ್ತಿಯನ್ನೂ ಐವತ್ತು ಭಾಗಮಾಡಿ, ಪ್ರತಿ ಭಾಗವನ್ನೂ ಒಮ್ಮೆ ಮಾತ್ರ ಮುಟ್ಟುವುದು ಅದರ ತತ್ತ್ವ. ಸ್ಯಾಕ್ಸ್ ಮೊದಲಾದವರು 1989ರಲ್ಲಿ ತೋರಿಸಿದಂತೆ, ಯದೃಚ್ಛೆಗೆ ಎಡೆಯಿಲ್ಲದ ಗಣಕಕ್ರಮಕ್ಕೆ ಅದೇ ಪ್ರಶ್ನೆಯನ್ನು ಮತ್ತೆ ಕೇಳುವುದು ವ್ಯರ್ಥ, ಉತ್ತರ ಬದಲಾಗದು. ಹೊಲದ ಪ್ರಯೋಗಕ್ಕೂ ಇದಕ್ಕೂ ಇರುವ ಮುಖ್ಯ ಭೇದವಿದು. ಯದೃಚ್ಛೆಯನ್ನು ಒಳಗೊಂಡ ಅನುಕರಣದಲ್ಲಿಯಾದರೋ ಪುನರಾವೃತ್ತಿ ಅವಶ್ಯ.

ಇಷ್ಟಾದರೂ ಈ ಕ್ರಮವನ್ನು ಮಲೆನಾಡಿಗೆ ಹಾಗೆಯೇ ಅನ್ವಯಿಸುವುದು ಉಚಿತವಲ್ಲ. ಅದರ ಮೂಲರೂಪವು ಅಂಶಗಳನ್ನು ಪರಸ್ಪರ ಸ್ವತಂತ್ರವೆಂದು ಗ್ರಹಿಸುತ್ತದೆ. ಮಲೆನಾಡಿನಲ್ಲಿ ಅಡಕೆಯ ತೋಟಕ್ಕೆ ಸೊಪ್ಪಿನ ಬೆಟ್ಟ ಬೇಕು. ಸೊಪ್ಪು ಕೊಟ್ಟಿಗೆಗೆ ಹೋಗಿ ಗೊಬ್ಬರವಾಗಿ ತೋಟಕ್ಕೆ ಮರಳುತ್ತದೆ. ದನವು ಕಾಡಿನಲ್ಲಿ ಮೇದು ಉಣುಗನ್ನು ಹೊತ್ತು ಮನೆಗೆ ಬರುತ್ತದೆ. ಈ ನಂಟನ್ನು ಕಡಿದರೆ ಐವತ್ತರಲ್ಲಿ ಎಷ್ಟೋ ಪ್ರಯೋಗಗಳು ಎಲ್ಲಿಯೂ ಇಲ್ಲದ ಊರುಗಳ ಮೇಲೆ ವ್ಯಯವಾಗುತ್ತವೆ. ಅಂಶಗಳ ನಂಟನ್ನು ಯೋಜನೆಯಲ್ಲಿ ಸೇರಿಸುವ ಉಪಾಯವನ್ನು ಐಮನ್ ಮತ್ತು ಕಾನೋವರ್ 1982ರಲ್ಲಿ ಕೊಟ್ಟರು. ಆದರೆ ಆ ನಂಟು ಎಷ್ಟು ಬಿಗಿಯೆಂಬುದನ್ನು ಗಣಿತವು ಹೇಳಲಾರದು, ಊರೇ ಹೇಳಬೇಕು.

ಪರ್ಸ್ ಮೊದಲಾದವರು 2020ರಲ್ಲಿ ಪ್ರಕಟಿಸಿದ ಅಧ್ಯಯನವು ಅನುಕರಣಪ್ರಯೋಗವಲ್ಲ, ರೋಗಸಂಭವದ ನಕ್ಷೆ. ಆದರೂ ಅದರ ಕ್ರಮ ಅನುಕರಣೀಯ: ರೋಗವನ್ನು ಎದುರಿಸುವ ಇಲಾಖೆಗಳವರೊಡನೆ ಸಮಾಲೋಚಿಸಿಯೇ ಅದು ರೂಪುಗೊಂಡಿತು. ಶಿವಮೊಗ್ಗ ಜಿಲ್ಲೆಯಲ್ಲಿ ನಿತ್ಯಹರಿದ್ವರ್ಣದ ಕಾಡೂ ತೋಟವೂ ಬೆರೆತು, ನಾಡದನಗಳು ಹೆಚ್ಚಿರುವೆಡೆಯಲ್ಲಿ ಅಪಾಯವು ಅಧಿಕವೆಂದು ಅದರಿಂದ ತಿಳಿದುಬಂದಿತು.

ಮಿತವ್ಯಯವೆಂದರೆ ಪ್ರಯೋಗಗಳ ಸಂಖ್ಯೆಯನ್ನು ಇಳಿಸುವುದಷ್ಟೇ ಎಂದು ಭಾವಿಸುವುದು ಅರೆತಿಳಿವು. ಉಣುಗು ತಡೆಯುವ ಎಣ್ಣೆಯು ಯಾವ ಊರಿಗೆ ಮೊದಲು ತಲಪಬೇಕೆಂಬುದು ಇಂತಹ ಲೆಕ್ಕವನ್ನು ಅವಲಂಬಿಸಿದಾಗ, ತಪ್ಪು ಪ್ರಶ್ನೆಯ ಬೆಲೆಯನ್ನು ತೆರುವವನು ತರಗೆಲೆಗಾಗಿ ಬೆಟ್ಟಕ್ಕೆ ಹೋದ ಕೂಲಿಯವನು.