ಇಪ್ಪತ್ತೈದು ಎಕರೆ, ಎರಡು ಸಾವಿರ ರೂಪಾಯಿ

ಕೇರಳದಿಂದ ಕೂಟುಪುಳ ಸೇತುವೆ ದಾಟಿ ಕೊಡಗಿನ ಮಾಕುಟ್ಟದ ಘಾಟಿ ಹತ್ತುವ ಲಾರಿ ಈಗ ವಾಣಿಜ್ಯ ತೆರಿಗೆಯವರ ಮುಂದೆ ಬಿಲ್ ಹಿಡಿದು ನಿಲ್ಲಬೇಕಿಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಬಂತು, ಗಡಿಯ ತೆರಿಗೆ ಚೆಕ್‌ಪೋಸ್ಟ್‌ಗಳಿಗೆ ಬೀಗ ಬಿತ್ತು. ತೆರಿಗೆ ಮಾತ್ರ ಎಲ್ಲೂ ಹೋಗಿಲ್ಲ, ಮೊಬೈಲ್ ರೀಚಾರ್ಜಿನೊಳಗೆ ಕೂತಿದೆ. ವಿರಾಜಪೇಟೆ ಕಡೆಯ ತೋಟದ ಕೂಲಿಯವರ ಲೈನ್‌ಮನೆಯಲ್ಲಿರುವ ಎರವ ಆದಿವಾಸಿ ಹೆಂಗಸಿಗೂ ಅದು ಶೇ 18, ತೋಟದ ಮಾಲೀಕರಿಗೂ ಶೇ 18. ಇದನ್ನೇ ಸಮಾನತೆ ಎನ್ನುವವರಿದ್ದಾರೆ!

ಆದಾಯದ ಲೆಕ್ಕಕ್ಕೆ ಬಂದರೆ ಸಮಾನತೆಯ ಮಾತು ನಿಲ್ಲುತ್ತದೆ. ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲ. ಬೆಳೆಗಾರರೇ ಕಾಫಿ ಕ್ಯೂರಿಂಗ್ ಮಾಡಿ ಮಾರಿದರೂ ತೆರಿಗೆ ಬೀಳುವುದು ಲಾಭದ ಶೇ 25ರ ಮೇಲಷ್ಟೇ. ಅಕಾಲ ಮಳೆಗೆ ಕಾಯಿ ಉದುರಿ ಸಾಲದಲ್ಲಿರುವ ಸಣ್ಣ ಬೆಳೆಗಾರನಿಗೆ ಈ ವಿನಾಯಿತಿ ಬೇಕೇ ಬೇಕು. ಆದರೆ ಅದಕ್ಕೆ ಮೇಲ್ಮಿತಿಯೇ ಇಲ್ಲ. ತೋಟ ದೊಡ್ಡದಾದಷ್ಟೂ ಉಳಿತಾಯ ದೊಡ್ಡದು. ಭೂಸುಧಾರಣೆ ಮಾಡಿದ್ದೂ ಇದನ್ನೇ: ಗದ್ದೆಗೆ ಮಿತಿ ಹಾಕಿದ ಕಾಯ್ದೆ ಕಾಫಿ ತೋಟದ ಬೇಲಿ ದಾಟಲಿಲ್ಲ.

ಒತ್ತುವರಿಯ ವಿಷಯದಲ್ಲೂ ಇದೇ ತಾರತಮ್ಯ. 2016ರ ಡಿಸೆಂಬರಿನಲ್ಲಿ ಇದೇ ವಿರಾಜಪೇಟೆ ತಾಲ್ಲೂಕಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದರು. ಅರಣ್ಯ ಜಾಗ, ಒತ್ತುವರಿ ಎಂಬುದು ಕಾರಣ. ಅವರಲ್ಲಿ ಹಲವರು ಲೈನ್‌ಮನೆ ಬಿಟ್ಟು ಬಂದವರು. ಹೋರಾಟ ನಡೆದ ಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಪುನರ್ವಸತಿ ಸಿಕ್ಕಿತು, ಅದು ಬೇರೆ ಕಥೆ. 2022ರಲ್ಲಿ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ತಂದು, ಕಾಫಿಯಂಥ ಬೆಳೆಗಾಗಿ ಒತ್ತುವರಿಯಾದ ಸರ್ಕಾರಿ ಜಮೀನನ್ನು 25 ಎಕರೆವರೆಗೆ, 30 ವರ್ಷಕ್ಕೆ ಗುತ್ತಿಗೆ ಕೊಡಲು ದಾರಿ ಮಾಡಿದರು. ಗುಡಿಸಲು ಹಾಕಿದವರಿಗೆ ಜೆಸಿಬಿ, ತೋಟ ಮಾಡಿದವರಿಗೆ ಗುತ್ತಿಗೆ ಪತ್ರ. ಎರಡೂ ಒತ್ತುವರಿಯೇ ತಾನೇ?

ಇಷ್ಟಾಗಿಯೂ ‘ಬಿಟ್ಟಿ’ ಎಂಬ ಬೈಗುಳ ಬೀಳುವುದು ಮನೆಯ ಯಜಮಾನಿಗೆ ರಾಜ್ಯ ಸರ್ಕಾರ ಕೊಡುವ, 2023ರಲ್ಲಿ ಶುರುವಾದ ಗೃಹಲಕ್ಷ್ಮಿಯ ತಿಂಗಳ ₹2,000ದ ಮೇಲೆ. ಗುತ್ತಿಗೆಯನ್ನೂ ವಿನಾಯಿತಿಯನ್ನೂ ಯಾರೂ ‘ಭಾಗ್ಯ’ ಎಂದು ಹೀಗಳೆದದ್ದು ನನ್ನ ಕಿವಿಗೆ ಬಿದ್ದಿಲ್ಲ. ಹಾಗೆಂದು ನಾನು ಗೃಹಲಕ್ಷ್ಮಿಯ ವಕಾಲತ್ತು ವಹಿಸಿಲ್ಲ. ಯಜಮಾನಿ ಅಥವಾ ಅವಳ ಗಂಡ ಆದಾಯ ತೆರಿಗೆ ಕಟ್ಟುತ್ತಿದ್ದರೆ ಇಲ್ಲವೇ ಜಿಎಸ್‌ಟಿ ರಿಟರ್ನ್ ಸಲ್ಲಿಸುತ್ತಿದ್ದರೆ ಹಣ ಇಲ್ಲ ಎಂಬುದು ಅದರ ಷರತ್ತು. ಬರೀ ಕೃಷಿ ಆದಾಯವಿರುವ ದೊಡ್ಡ ತೋಟದ ಮನೆ ಈ ಜರಡಿಯಲ್ಲಿ ಸಿಗುವುದೇ ಇಲ್ಲ. ಎಪಿಎಲ್ ಕಾರ್ಡ್ ಇದ್ದರೆ ಯಜಮಾನಿ ಅರ್ಜಿ ಹಾಕಬಹುದು. ಅದೇ ತೋಟದಲ್ಲಿ ಕಾಫಿ ಕುಯ್ಯುವವಳ ಹತ್ತಿರ ರೇಷನ್ ಕಾರ್ಡೇ ಇಲ್ಲದಿದ್ದರೆ ಅವಳಿಗೆ ಅರ್ಜಿಯೂ ಇಲ್ಲ. ಕೃಷಿ ಆದಾಯಕ್ಕೆ ತೆರಿಗೆ ಹಾಕುವ ಅಧಿಕಾರವನ್ನು ಸಂವಿಧಾನ ಕೊಟ್ಟಿರುವುದು ರಾಜ್ಯಕ್ಕೇ. ದೊಡ್ಡ ತೋಟಗಳ ವಿನಾಯಿತಿಗೊಂದು ಮಿತಿ ಗೊತ್ತುಮಾಡಲು ವಿಧಾನಸೌಧ ದೆಹಲಿಯತ್ತ ನೋಡಬೇಕಾಗಿಲ್ಲ.